ಬಾಂಡೆ ಮೇಲಿನ ಅಕ್ಷರ

ಹತ್ತನೇ ತರಗತಿಯಲ್ಲಿ ಅಕ್ಕ ಇಂಗ್ಲಿಷೊಂದರಲ್ಲೇ ಫೇಲಾದಳು. ಅಷ್ಟರಲ್ಲಿ ಕಾಕಾ ಹುಕ್ಕೇರಿಯ ಸಂಬಂಧವೊಂದನ್ನು ಹಿಡಿದುಕೊಂಡು ಕಲ್ಲೋಳಿಯ ನಮ್ಮ ಮನೆಗೆ ಬಂದ. "ಮರುಪರೀಕ್ಷಾದಾಗ ಪಾಸಾದ್ರ ಕಾಲೇಜು, ಇಲ್ಲಂದ್ರ ಮದುವಿ" ಎಂದು ತೀರ್ಪು ಕೊಟ್ಟ. ಅವನಿಗೆ ಎದುರಾಡುವ ಜಾಯಮಾನ ಅಪ್ಪನದಲ್ಲ. ಕಾಲೇಜಿನ ಕನಸು ಕಟ್ಟಿದ್ದ ಅಕ್ಕ ಅಂದು ಊಟ ಮಾಡಲಿಲ್ಲ.

ಅವಳ ಜೀವ ತಿನ್ನುತ್ತಿದ್ದುದು ಇಂಗ್ಲಿಷಿನ 'ಎ' ಮತ್ತು 'ಆ್ಯನ್'. ಅದರಲ್ಲೂ ಒಂಟಿ ಅಕ್ಷರದ ಮುಂದೆ ಯಾವುದು ಬರಬೇಕೆಂಬುದು. ಬಾಯಿಬಿಟ್ಟು ಹೇಳಿ ನೋಡಿ, ಸ್ವರ ಕೇಳಿಸಿದರೆ 'ಆ್ಯನ್' ಹಾಕಿ ಎಂದಿದ್ದರು ಮಾಸ್ತರರು. ಎಮ್ಮೆಯನ್ನೇ 'ಯಮ್ಮಿ' ಎನ್ನುವ ಬಾಯಿ ನಮ್ಮದು. ಅಕ್ಕ 'ಯಮ್', 'ಯಸ್' ಎಂದು ಹೇಳಿ ನೋಡಿ, 'ಆ್ಯನ್' ಬರಬೇಕಾದಲ್ಲಿ ಧೈರ್ಯವಾಗಿ 'ಎ' ಬರೆದು ಬರುತ್ತಿದ್ದಳು. ಪಾಪ, ಅವಳ ಲೆಕ್ಕದಲ್ಲಿ ತಪ್ಪೇನಿತ್ತು?

ಮದುವೆಯ ಉಡುಗೊರೆಯೆಂದು ಆಯೇರಿಗೆ ಬಂದ ಬಾಂಡೆ-ಪಾತ್ರೆಗಳ ಮೇಲೆಲ್ಲ ಕೊಟ್ಟವರ ಹೆಸರಿನ ಇಂಗ್ಲಿಷ್ ಅಕ್ಷರ ಕೊರೆಸಿರುತ್ತಿದ್ದರಲ್ಲ, ಅವೇ ನಮ್ಮ ಪಾಠ. ನಾನು ಒಂದೊಂದೇ ಗಂಗಾಳ ಎತ್ತಿ ಹಿಡಿಯುವುದು, ಅಕ್ಕ 'ಆ್ಯನ್ ಎಮ್', 'ಎ ಬಿ' ಎಂದು ಒದರುವುದು. ಅಡುಗೆಮನೆ ಸಂತೆಯಾಗುತ್ತಿತ್ತು.

"ನಿಮ್ಮ ಯಮ್ಮಿನ ಮನಿ ಹಾಳಾಗ್ಲಿ, ರೊಟ್ಟಿ ಆರಾಕತ್ತಾವು" ಎಂದು ಅವ್ವ ಬೈಯುತ್ತಿದ್ದಳು. ಓದು ಬಾರದ ಅವಳು, ಅಕ್ಕ ನೀರಿಗೆ ಹೊರಟರೆ ಮಾತ್ರ ಕೊಡ ಕಸಿದುಕೊಂಡು ತಾನೇ ಹೋಗುತ್ತಿದ್ದಳು.

ಮೂಡಲಗಿಯಲ್ಲಿ ಪರೀಕ್ಷೆ ಬರೆದು ಅಕ್ಕ ಪಾಸಾದಳು. ಗೋಕಾಕದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಓಡಾಡಿ ಬಿಎ ಮುಗಿಸಿದಳು. ಆಮೇಲೆಯೇ ಮದುವೆ, ಅದೂ ಹುಕ್ಕೇರಿಗೇ. ಆಗ ಅವ್ವನ ಜೊತೆ ಬಾಂಡೆ ಅಂಗಡಿಗೆ ನಾನೂ ಹೋಗಿದ್ದೆ. ಅಂಗಡಿಯವರು ರೂಢಿಯಂತೆ ಅಪ್ಪನ ಹೆಸರು ಕೊರೆಯಲು ಕುಳಿತರು. ಅವ್ವ ಒಂದು ತಂಬಿಗೆಯನ್ನು ಬೇರೆ ತೆಗೆದಿಟ್ಟಳು.

"ಇದರ ಮ್ಯಾಲ ನನ್ನ ಮಗಳ ಹೆಸರು ಹಾಕ್ರಿ. ಮುಂದ ಬಿಎ ಅಂತ ಬರೀರಿ."

"ಬಾಂಡೆ ಮ್ಯಾಲ ಯಾರರೆ ಡಿಗ್ರಿ ಹಾಕಸ್ತಾರೇನ್ರಿ, ಯವ್ವಾ?"

"ನಾ ಹಾಕಸ್ತೇನ್ರಿ."

ಅವ್ವ ಹೋಗಿ ಈಗ ವರ್ಷಗಳಾದವು. ಮೊನ್ನೆ ಹುಕ್ಕೇರಿಗೆ ಹೋದಾಗ ಅಕ್ಕ ಅದೇ ತಂಬಿಗೆಯಲ್ಲಿ ನೀರು ಕೊಟ್ಟಳು. ಹೆಸರು ಸವೆದಿದೆ, 'ಬಿಎ' ಮಾತ್ರ ನಿಚ್ಚಳವಾಗಿದೆ. ಅದು ಹೇಗೆಂದು ಕೇಳಿದೆ.

"ಅವ್ವ ಇಲ್ಲಿಗೆ ಬಂದಾಗೊಮ್ಮೆ ಈ ಎರಡ ಅಕ್ಷರದ ಮ್ಯಾಲ ಬೆರಳ ಆಡಸ್ತಿದ್ಲು" ಎಂದಳು ಅಕ್ಕ. "ಅದಕ್ಕ ಅಷ್ಟು ಜಾಗಾ ಬಿಟ್ಟು ತಿಕ್ಕತೇನಿ."