ಸೋಮವಾರದ ಪ್ರಸಾದ

“ನೋವು ಬರ್ದಂಗೇ ಎರಿಗೆ ಆಯ್ತದಾ? ಅದೇನು ಎರಿಗೆಯೋ, ಕುಂಬ್ಳಕಾಯಿ ಕುಯ್ಯೋದೋ?”

ನಮ್ಮತ್ತೆ ಹೀಗೆ ಕೇಳಿದಾಗ ಅವರ ಕೈಯಲ್ಲಿದ್ದ ಮೊರ ಅರ್ಧಕ್ಕೇ ನಿಂತಿತ್ತು. ರಾಗಿ ಕೇರುವ ಕೆಲಸವನ್ನು ಯಾರು ಬಂದರೂ ನಿಲ್ಲಿಸುವವರಲ್ಲ ಅವರು. ಕಾರ್ಖಾನೆಗಳಿಗೆ ನಿಮ್ಮ ಹೊಲ ಹೋಗುತ್ತದೆ ಎಂದು ಸರ್ಕಾರದವರು ಬಂದು ಹೇಳಿದ ದಿನವೂ ಕೇರುತ್ತಲೇ ಕೇಳಿಸಿಕೊಂಡರಂತೆ. ಅಂಥವರು ಕೈ ನಿಲ್ಲಿಸಿದರು ಅಂದರೆ ನಾನು ತಂದ ಸುದ್ದಿ ಎಂಥದ್ದಿರಬೇಕು, ನೀವೇ ಯೋಚಿಸಿ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬಾಗಲಗುಂಟೆ ಇನ್ನೂ ಅರ್ಧ ಹಳ್ಳಿ, ಅರ್ಧ ಪೀಣ್ಯದ ಹಿತ್ತಿಲು. ನನ್ನ ಗಂಡನ ಮನೆಯವರು ಅಲ್ಲಿನ ಹಳೇ ಒಕ್ಕಲು. ಹೊಲ ಹೋದ ಮೇಲೆ ಗಂಡ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಕೆಲಸಕ್ಕೆ ಸೇರಿದ್ದರು. ಅತ್ತೆ ಮಾತ್ರ ಉಳಿದ ಚೂರು ನೆಲದಲ್ಲಿ ರಾಗಿ ಹಾಕಿಕೊಂಡು, ಹಸು ಕಟ್ಟಿಕೊಂಡು, ಸೈರನ್ ಕೂಗಿದಾಗಲೆಲ್ಲ ಕಾರ್ಖಾನೆಯನ್ನು ಬೈದುಕೊಂಡು ಇದ್ದರು. ನಾನು ಆನೇಕಲ್ ಕಡೆಯ ಹುಡುಗಿ. ಬಾಯಿ ಸ್ವಲ್ಪ ಜೋರು. ಆ ಜೋರು ಬಾಯಿ ಆ ದಿನ ಡಾಕ್ಟರ ಮುಂದೆಯೂ ಸುಮ್ಮನಿರಲಿಲ್ಲ.

ಅದಕ್ಕೆ ಕಾರಣವಿತ್ತು. ನನ್ನ ಮೊದಲ ಹೆರಿಗೆ ಪದ್ಧತಿಯಂತೆ ತವರಿನಲ್ಲೇ ಆಗಿತ್ತು. ಎರಡು ಹಗಲು ನೋವು ತಿಂದೆ. ಸೂಲಗಿತ್ತಿ “ಇನ್ನೇನು ಬಂತು, ಇನ್ನೇನು ಬಂತು” ಅನ್ನುತ್ತಲೇ ಇದ್ದಳು. ಕೊನೆಗೆ ಬಂತು, ಆದರೆ ಅಳಲಿಲ್ಲ. ನನಗೆ ಎಚ್ಚರ ಬರುವ ಹೊತ್ತಿಗೆ ಅವ್ವ ಅದನ್ನು ತನ್ನ ಹಳೇ ಸೀರೆಯಲ್ಲಿ ಸುತ್ತಿ, ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದಾಗಿತ್ತು. ಹೆಣ್ಣು ಮಗು ಅಂದಳು, ಅಷ್ಟೆ. “ಮುಖನಾದ್ರೂ ತೋರಿಸ್ಬಾರ್ದಾಗಿತ್ತೇನವ್ವಾ” ಎಂದು ಚೀರಿದರೆ, “ನೋಡ್ಬಾರ್ದು ಕಣೇ. ನೋಡಿದ್ರೆ ಮರಿಯಾಕಾಗಕಿಲ್ಲ” ಅಂದು ಬಾಯಿ ಹೊಲಿದುಕೊಂಡಳು. ಆಮೇಲೆ ಎಷ್ಟು ಸಲ ಕೇಳಿದರೂ ಆ ಮಾತೇ ತೆಗೆಯಲಿಲ್ಲ.

ಎರಡನೇ ಸಲ ಬಸುರಿಯಾದಾಗ ತುಮಕೂರು ರಸ್ತೆಯ ಕಡೆಗಿದ್ದ ಒಂದು ಸಣ್ಣ ನರ್ಸಿಂಗ್ ಹೋಮಿಗೆ ತೋರಿಸಿಕೊಂಡೆ. ಅಲ್ಲಿನ ಲೇಡಿ ಡಾಕ್ಟರು ಹೊಟ್ಟೆ ಮುಟ್ಟಿ, ಒಳಗೆ ಪರೀಕ್ಷೆ ಮಾಡಿ, ಹಳೆಯದನ್ನೆಲ್ಲ ಕೇಳಿ, “ನಿಮ್ಮ ಸೊಂಟದ ಮೂಳೆ ಕಿರಿದು ಕಣಮ್ಮಾ, ಮಗು ದಪ್ಪ ಇದೆ. ನೋವು ಬರೋವರೆಗೂ ಕಾದು ನೋಡ್ಬಹುದು. ಇಲ್ಲಾಂದ್ರೆ ಮೊದಲೇ ಒಂದು ದಿನ ಗೊತ್ತು ಮಾಡಿ ಆಪರೇಷನ್ ಮಾಡಿ ತೆಗೀಬಹುದು. ಮನೇಲಿ ಕೇಳ್ಕೊಂಡು ಬನ್ನಿ” ಅಂದರು.

“ಯಾರನ್ನೂ ಕೇಳೋದಿಲ್ಲ ಮೇಡಂ. ದಿನ ಗೊತ್ತು ಮಾಡಿ” ಅಂದೆ.

ಹೇಳಿದ ಮೇಲೆ ನನಗೇ ನಂಬಿಕೆ ಬರಲಿಲ್ಲ. ಹೊಟ್ಟೆ ಕುಯ್ಯಿ ಎಂದು ನಾನಾಗಿಯೇ ಹೇಳಿದೆನಾ? ನಮ್ಮ ಪೈಕಿ ಯಾರೂ ಹೀಗೆ ಹೆತ್ತಿರಲಿಲ್ಲ. ಆಪರೇಷನ್ ಅಂದರೆ ಸಾಯುವವರಿಗೆ ಮಾಡುವುದು ಎಂದೇ ಎಲ್ಲರ ಲೆಕ್ಕ. ಅಷ್ಟರಲ್ಲಿ ನರ್ಸಮ್ಮ, “ಸೈನ್ ಮಾಡಕ್ಕೆ ಯಜಮಾನ್ರನ್ನ ಕರ್ಕೊಂಡು ಬನ್ನಿ” ಅಂದಳು. “ಹೊಟ್ಟೆ ನಂದು, ಸೈನ್ ಅವರ್ದಾ?” ಎಂದು ಕೇಳಿಯೇಬಿಟ್ಟೆ. ಡಾಕ್ಟರು ನಕ್ಕುಬಿಟ್ಟರು. ಸೈನ್ ಮಾತ್ರ ಗಂಡನದೇ ಬೇಕಾಯಿತು. ಅವರು ಗ್ರೀಸಿನ ಕೈಯಲ್ಲೇ ಬಂದು, ನನ್ನ ಮುಖವನ್ನೊಮ್ಮೆ ನೋಡಿ, ಸೈನ್ ಹಾಕಿಕೊಟ್ಟರು.

ಸುದ್ದಿ ನಲ್ಲಿ ಕಟ್ಟೆಗೆ ಮುಟ್ಟಲು ಎಷ್ಟು ಹೊತ್ತು! ನೋವು ತಿನ್ನದೆ ಹೆತ್ತರೆ ಕರುಳು ಅಂಟುವುದಿಲ್ಲ ಅಂದಳು ಒಬ್ಬಳು. ಎದೆಹಾಲೇ ಬರುವುದಿಲ್ಲ ಅಂದಳು ಇನ್ನೊಬ್ಬಳು. “ಸುಖ ಕಣ್ರವ್ವಾ, ಈಗಿನ ಕಾಲದೋರಿಗೆ ಮೈ ನೋಯ್ಬಾರ್ದು” ಎಂದು ಮೂರನೆಯವಳು ಬಿಂದಿಗೆ ಎತ್ತಿಕೊಂಡು ಹೋದಳು. ಅದೇ ಮೂರನೆಯವಳು ಸಂಜೆ ಹಿತ್ತಿಲ ಬಾಗಿಲಿಗೆ ಬಂದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, “ಆ ಡಾಕ್ಟರಮ್ಮನ್ನ ನಂಗೂ ತೋರಿಸ್ತೀಯೇನಕ್ಕಾ? ಒಟ್ಟೇಲಿರೋದು ಅಡ್ಡ ಮಲಗ್ಯದೆ ಅಂತಾರೆ, ಭಯ ಆಯ್ತದೆ” ಅಂದಾಗ ನಾನು ದಂಗಾಗಿ ನಿಂತೆ. ಬೈಯಬೇಕೆಂದು ಬಾಯಿ ತೆರೆದವಳು, ಸುಮ್ಮನೆ ಒಳಗೆ ಕರೆದು ಕೂರಿಸಿದೆ.

ಅತ್ತೆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಇನ್ನು ಇವರಿಂದ ಮಹಾಭಾರತವೇ ನಡೆಯುತ್ತದೆ ಎಂದು ಸೆರಗು ಬಿಗಿದುಕೊಂಡಿದ್ದೆ. ಮೂರನೇ ದಿನ ಹಾಲು ಕರೆಯುತ್ತಾ, ನನ್ನ ಕಡೆ ತಿರುಗದೆ, “ನಾನು ಏಳು ಎತ್ತೋಳು. ಉಳಿದಿದ್ದು ಎರಡು. ಅವತ್ತು ಯಾವಳಾದ್ರೂ ಕುಯ್ದು ತೆಕ್ಕೊಡ್ತೀನಿ ಅಂದಿದ್ರೆ ಕುಡ್ಲು ನಾನೇ ಮಸ್ದು ಕೊಡ್ತಿದ್ದೆ. ಓಗು, ಮಾಡಿಸ್ಕೋ” ಅಂದರು. ಹಸುವಿನ ಪಕ್ಕ ನಿಂತು ಗಳಗಳ ಅತ್ತುಬಿಟ್ಟೆ. ಇದು ಕನಸೋ ನನಸೋ ತಿಳಿಯಲಿಲ್ಲ.

ಅತ್ತೆ ಒಪ್ಪಿದ ಮೇಲೆ ಇನ್ನು ಯಾರ ಭಯ ಎಂದುಕೊಂಡೆ. ಆಗ ಬಂದಳು ನನ್ನ ಅವ್ವ.

ಬಾಣಂತನಕ್ಕೆಂದು ಗಂಟು ಕಟ್ಟಿಕೊಂಡು ಬಂದವಳು, ಆಪರೇಷನ್ ಎಂದಾಗ ಹೌಹಾರಲಿಲ್ಲ. “ಯಾವತ್ತು?” ಎಂದಷ್ಟೇ ಕೇಳಿದಳು. ಸೋಮವಾರ ಎಂದೆ. ಮಾರನೇ ದಿನ ಗುಡಿಯ ಅಯ್ಯನೋರ ಹತ್ತಿರ ಹೋಗಿ ಬಂದವಳ ಮುಖ ಸುಣ್ಣದಂತಾಗಿತ್ತು. ಆ ಸೋಮವಾರವಿಡೀ ರೋಹಿಣಿ ನಕ್ಷತ್ರವಂತೆ. ರೋಹಿಣಿಯಲ್ಲಿ ಹುಟ್ಟಿದ ಮಗು ಸೋದರಮಾವನಿಗೆ ಆಗದು. ಕೃಷ್ಣ ಹುಟ್ಟಿದ್ದು ರೋಹಿಣಿಯಲ್ಲಿ, ಕಂಸ ಹೋದದ್ದು ಅವನ ಕೈಯಲ್ಲಿ. ಇದು ನಮ್ಮ ಕಡೆ ಕೂಸಿಗೂ ಗೊತ್ತು. ನನ್ನ ಮಗುವಿಗೆ ಸೋದರಮಾವ ಅಂದರೆ ಒಬ್ಬನೇ, ನನ್ನ ತಮ್ಮ. ಅಪ್ಪ ಸತ್ತ ಮೇಲೆ ಅವ್ವನ ಪಾಲಿಗೆ ಗಂಡುದಿಕ್ಕು ಎಂದು ಇದ್ದವನು ಅವನೇ. ನನ್ನ ಗಂಡನೇ ಅವನನ್ನು ಪೀಣ್ಯದಲ್ಲಿ ಪ್ರೆಸ್ ಮೆಷಿನ್ ಕೆಲಸಕ್ಕೆ ಸೇರಿಸಿದ್ದರು. ತಗಡು ಅದುಮಿ ಕತ್ತರಿಸುವ ಆ ಮೆಷಿನಿಗೆ ಬೆರಳು ಕೊಟ್ಟವರು ನಮ್ಮ ಬೀದಿಯಲ್ಲೇ ಇದ್ದರು. ಅವ್ವ ಅವರ ಕೈಗಳನ್ನು ನೋಡುತ್ತಾ ಕೂರುತ್ತಿದ್ದಳು.

“ನೋವು ಬಂದು ಆದ್ರೆ ಅದು ದೇವ್ರು ಮಾಡಿದ್ದು. ದಿನ ನೀನೇ ಆರಿಸ್ಕೊಂಡು ರೋಹಿಣೀಲಿ ಎತ್ರೆ ಅದು ನೀನು ಮಾಡಿದ್ದು” ಅಂದಳು. “ಒಂದಿನ ತಳ್ಳು ಅನ್ನು. ಒಂದೇ ಒಂದಿನ.”

ಡಾಕ್ಟರ ಹತ್ತಿರ ನನ್ನ ಜೊತೆ ತಾನೇ ಬಂದಳು. ಡಾಕ್ಟರು ತಾಳ್ಮೆಯಿಂದಲೇ ಹೇಳಿದರು: “ಮತ್ತು ಕೊಡೋ ಡಾಕ್ಟರು ಸಿಟಿಯಿಂದ ಬರ್ಬೇಕಮ್ಮ. ಇಲ್ಲಿಗೆ ಬರೋದು ಸೋಮವಾರ, ಗುರುವಾರ. ಗುರುವಾರದೊಳಗೆ ನೋವು ಬಂದ್ಬಿಟ್ರೆ ಮತ್ತೆ ಹಳೇ ಕಥೇನೇ. ಮಗು ಕೈ ತಪ್ಪುತ್ತೆ. ಸೋಮವಾರ ಬೆಳಿಗ್ಗೆ ಖಾಲಿ ಹೊಟ್ಟೇಲಿ ಕರ್ಕೊಂಡು ಬನ್ನಿ. ಕಾಫಿನೂ ಬೇಡ, ನೀರೂ ಬೇಡ. ಏನಾದ್ರೂ ತಿಂದಿದ್ರೆ ಮಾತ್ರ ನಾನು ಮುಟ್ಟೋದಿಲ್ಲ.” ಅವ್ವ ತಲೆಯಾಡಿಸಿದಳು. ಸದ್ಯ, ಒಪ್ಪಿಕೊಂಡಳಲ್ಲ ಎಂದು ನಾನು ನಿರಾಳವಾದೆ.

ಸೋಮವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಕೂತಿದ್ದೆ. ಅತ್ತೆ ಕೊಟ್ಟಿಗೆಯಲ್ಲಿದ್ದರು, ಗಂಡ ಆಟೋ ತರಲು ಹೋಗಿದ್ದರು. ಅವ್ವ ಊರ ಮಾರಮ್ಮನ ಗುಡಿಯಿಂದ ಬಂದಳು. ಎಡೆಗೆ ಕೊಟ್ಟಿದ್ದ ಸಿಹಿ ಪೊಂಗಲ್ ಬಾಳೆಲೆಯಲ್ಲಿ ಹಬೆಯಾಡುತ್ತಿತ್ತು. ನನ್ನ ಹಣೆಗೆ ಕುಂಕುಮ ಇಟ್ಟು, “ಅಮ್ಮನ ಪ್ರಸಾದ ಕಣೇ, ಬ್ಯಾಡ ಅನ್ಬಾರ್ದು” ಎಂದು ತುತ್ತು ಮಾಡಿ ಬಾಯಿಗಿಟ್ಟಳು. ಇನ್ನೊಂದು. ಮತ್ತೊಂದು. ಮಗುವಾಗಿದ್ದಾಗ ತಿನ್ನಿಸುತ್ತಿದ್ದ ಹಾಗೆಯೇ. ನಾನು ತಿಂದೆ. ನೀವು ನಗಬಹುದು, ಆದರೆ ಅದು ತಿಂದ ಹಾಗೆ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಏಕಾದಶಿ ಉಪವಾಸ ಇದ್ದವರೂ ಪ್ರಸಾದ ತಿನ್ನುವುದಿಲ್ಲವೇ? ಪ್ರಸಾದವನ್ನು ಊಟದ ಲೆಕ್ಕಕ್ಕೆ ನಾವು ಯಾವತ್ತು ಹಿಡಿದಿದ್ದೇವೆ? ಬಾಯಿ ಒರೆಸಿಕೊಂಡು ಅತ್ತೆ, ಅವ್ವನ ಜೊತೆ ಆಟೋ ಹತ್ತಿದೆ.

“ಬೆಳಿಗ್ಗೆಯಿಂದ ಏನೂ ತಗೊಂಡಿಲ್ಲ ತಾನೇ?” ಎಂದು ನರ್ಸಮ್ಮ ಕೇಳಿದಳು.

“ಏನೂ ಇಲ್ಲ. ಪ್ರಸಾದ ಅಷ್ಟೇ” ಅಂದೆ.

ಆಮೇಲೆ ಕೇಳಬೇಕೇ! ಡಾಕ್ಟರು ಓಡಿ ಬಂದರು. ತುಪ್ಪ ಹಾಕಿದ ಪೊಂಗಲ್, ಎಲೆ ತುಂಬ ಎಂದು ತಿಳಿದಾಗ ತಲೆ ಚಚ್ಚಿಕೊಂಡರು. ಮತ್ತು ಕೊಟ್ಟಾಗ ವಾಂತಿಯಾಗಿ ಉಸಿರಿನ ನಾಳಕ್ಕೆ ಹೋದರೆ ನಾನು ಅಲ್ಲೇ ಹೋಗಿಬಿಡುತ್ತಿದ್ದೆನಂತೆ. ಮತ್ತಿನ ಡಾಕ್ಟರು ಕೈಗಡಿಯಾರ ನೋಡಿಕೊಂಡು ಸ್ಕೂಟರ್ ಹತ್ತಿ ಹೊರಟೇ ಹೋದರು. ಅತ್ತೆ ಮುಂದೆ ಬಂದು, “ಬೈಬ್ಯಾಡಿ ಡಾಕ್ಟರಮ್ಮಾ, ಬೀಗ್ತೀರು ಹಳ್ಳಿಯೋರು, ತಿಳೀದೆ ಕೊಟ್ಟವ್ರೆ” ಅಂದರು.

“ತಿಳೀದೆ ಅಲ್ಲ” ಅಂದಳು ಅವ್ವ. ಗೋಡೆಗೆ ಒರಗಿ ನಿಂತಿದ್ದಳು. “ತಿಳಿದೇ ಕೊಟ್ಟೆ.”

ಕಾಲಡಿಯ ನೆಲ ಜಾರಿತು ಅನ್ನುತ್ತಾರಲ್ಲ, ಅದೇನೆಂದು ನನಗೆ ಆ ಹೊತ್ತು ಗೊತ್ತಾಯಿತು. ತುತ್ತು ಇಟ್ಟ ಕೈಯನ್ನೇ ನೋಡಿದೆ. “ಮಗನಿಗೋಸ್ಕರ ನನ್ನ ಮಗೂನ ಸಾವಿಗೆ ತಳ್ಳಿಬಿಟ್ಯಾ? ನೀನು ತಾಯೇನೇ?” ಅಂದೆ. ಹೆತ್ತವಳಿಗೆ ಆ ಮಾತು ಅಂದೆ. ಅಂದದ್ದಕ್ಕೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ.

ಆಪರೇಷನ್ ಇನ್ನು ಗುರುವಾರವೇ ಎಂದರೂ ಡಾಕ್ಟರು ನನ್ನನ್ನು ಮನೆಗೆ ಬಿಡಲಿಲ್ಲ. ಒಳ್ಳೆಯದೇ ಆಯಿತು. ಮಧ್ಯಾಹ್ನವೇ ನೋವು ಶುರುವಾಯಿತು. ಅದೇ ನೋವು, ನನಗೆ ಚೆನ್ನಾಗಿ ಪರಿಚಯವಿದ್ದದ್ದು. ಮಂಚದ ಕಂಬಿ ಹಿಡಿದು, “ಈ ಸಲ ಬಿಡಲ್ಲ, ಬಿಡಲ್ಲ” ಎಂದು ಬಡಬಡಿಸುತ್ತಿದ್ದೆನಂತೆ. ಡಾಕ್ಟರು ಫೋನಿನ ಮೇಲೆ ಫೋನು ಮಾಡಿ ಮತ್ತಿನ ಡಾಕ್ಟರನ್ನು ಸಿಟಿಯಿಂದ ವಾಪಸು ಕರೆಸಿದರು. ದೀಪ ಹಚ್ಚುವ ಹೊತ್ತಿಗೆ ಮಗು ತೆಗೆದರು. ಹೆಣ್ಣು. ಮೊದಲು ಅಳಲಿಲ್ಲವಂತೆ, ಬೆನ್ನಿಗೆ ತಟ್ಟಿದ ಮೇಲೆ ಅತ್ತಿತಂತೆ. ಆ ಅಳು ಕೇಳಿ ಅತ್ತೆ ವರಾಂಡದಲ್ಲೇ ಕುಸಿದು ಕೂತರಂತೆ. ಸೋಮವಾರ ಇನ್ನೂ ಮುಗಿದಿರಲಿಲ್ಲ. ರೋಹಿಣಿಯೂ ಮುಗಿದಿರಲಿಲ್ಲ.

ಬಾಣಂತನಕ್ಕೆ ಅವ್ವನೇ ನಿಂತಳು. ನನಗೆ ಅವಳ ಜೊತೆ ಮಾತಿಲ್ಲ. ಹೊಲಿಗೆ ನೋಯದಂತೆ ನನಗೆ ನೀರು ಹಾಕಿದಳು, ಮೆಣಸಿನ ಸಾರು ಮಾಡಿದಳು, ಮಗುವಿನ ಬಟ್ಟೆ ಒಗೆದಳು. ಮಗುವನ್ನು ಮಾತ್ರ ಎತ್ತಿಕೊಳ್ಳಲಿಲ್ಲ. ಅದಕ್ಕೆ ಎಣ್ಣೆ ನೀರು ಹಾಕುತ್ತಿದ್ದವರು ಅತ್ತೆ. “ನಿಮ್ಮವ್ವ ಕೂಸಿನ ಮುಖನೇ ನೋಡಾಕಿಲ್ಲ, ಗಮನಿಸ್ದೇನೇ?” ಎಂದು ಅವರೇ ಹೇಳಿದ ಮೇಲೆ ನಾನೂ ಗಮನಿಸಿದೆ. ನಿಜ. ಬಟ್ಟೆ ಬದಲಿಸುವಾಗಲೂ ಕತ್ತು ಹೊರಳಿಸಿಕೊಂಡೇ ಬದಲಿಸುತ್ತಿದ್ದಳು. ಮಗನಿಗೆ ಕೆಡುಕೆಂದು ಈ ಕಂದನ ಮೇಲೆ ಇಷ್ಟು ಹಗೆಯೇ?

ತಮ್ಮನನ್ನು ಮನೆಯೊಳಗೆ ಬಿಟ್ಟಿರಲಿಲ್ಲ. ಪುರುಡು ಕಳೆದ ದಿನ ಅವನು ಮಗುವನ್ನು ನೇರವಾಗಿ ನೋಡದೆ, ಮೊದಲು ಎಣ್ಣೆಯಲ್ಲಿ ಅದರ ನೆರಳು ನೋಡಬೇಕು. ಆಗ ದೋಷ ಎಣ್ಣೆಗೆ ಹೋಗುತ್ತದೆ. ಅವ್ವ ಬಟ್ಟಲ ತುಂಬ ಎಳ್ಳೆಣ್ಣೆ ಹುಯ್ದು ಕಾದಿದ್ದಳು. ತಮ್ಮ ಫ್ಯಾಕ್ಟರಿಯಿಂದ ನೇರ ಬಂದ. ನಾನು ಮಗುವನ್ನು ಹಿಡಿದು ಕೂತೆ. ಅವನು ಬಟ್ಟಲಿಗೆ ಬಗ್ಗಿದ, ಇದ್ದಕ್ಕಿದ್ದಂತೆ ತಲೆಯೆತ್ತಿ ಮಗುವಿನ ಮುಖವನ್ನೇ ನೋಡಿದ.

“ಏನೇ ಕಳ್ಳಿ, ಮಾವನ್ನ ತಿಂತೀಯಂತೆ? ತಿನ್ನು ನೋಡಾಣ!”

ಅಯ್ಯೋ ಎಂದು ಅವ್ವ ಕೂಗಿದಳು. ಬಟ್ಟಲು ಉರುಳಿ ಎಣ್ಣೆಯೆಲ್ಲ ಸಗಣಿ ಸಾರಿಸಿದ ನೆಲಕ್ಕೆ ಹೋಯಿತು. ತಮ್ಮ ನಗುತ್ತಾ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು, “ಹಿಡ್ಕೊಳವ್ವ, ನಂಗೇನೂ ಆಗಲ್ಲ” ಎಂದು ಅವಳ ಮಡಿಲಿಗೆ ಹಾಕಿಯೇಬಿಟ್ಟ. ಅವನಿಗೆ ಏನೂ ಆಗಲಿಲ್ಲ; ಈಗ ಮೊಮ್ಮಕ್ಕಳನ್ನು ಎತ್ತಿಕೊಂಡು ತಿರುಗುತ್ತಾನೆ.

ಮಡಿಲಿಗೆ ಬಿದ್ದ ಮಗುವನ್ನು ಅವ್ವ ನೋಡಲೇಬೇಕಾಯಿತು. ನೋಡಿದಳು. ನೋಡುತ್ತಲೇ ಇದ್ದಳು. ಅವಳ ಬಾಯಿ ವಕ್ರವಾಯಿತು. ಬೆರಳು ತಂದು ಮಗುವಿನ ಗಲ್ಲದ ಗುಳಿಯ ಮೇಲಿಟ್ಟಳು.

“ಮೊದ್ಲನೇದ್ಕೂ ಇಂಗೇ ಇತ್ತು ಕಣೇ” ಅಂದಳು. “ಇದೇ ಗುಳಿ. ಇದೇ ಮೂಗು. ಅದ್ಕೇ ನಾನು ನೋಡ್ತಿರ್ನಿಲ್ಲ.”

ಕೋಪವೆಲ್ಲ ಎಲ್ಲಿ ಹೋಯಿತೋ ತಿಳಿಯದು. ಹೊಲಿಗೆ ಎಳೆಯುತ್ತಿದ್ದರೂ ನೆಲದ ಮೇಲೆ ತೆವಳಿಕೊಂಡು ಹೋಗಿ, ಚೆಲ್ಲಿದ ಎಣ್ಣೆಯಲ್ಲೇ ಅವಳ ಪಕ್ಕ ಕೂತೆ.

“ಕೂದ್ಲು?” ಎಂದು ಕೇಳಿದೆ. “ಕೂದ್ಲು ಎಂಗಿತ್ತವ್ವಾ?”

“ಇದ್ಕಿಂತ ಜಾಸ್ತಿ ಇತ್ತು” ಅಂದಳು ಅವ್ವ. “ಕಿವಿ ಮುಚ್ಚೋ ಅಷ್ಟು.”