ವಕೀಲಿ ಪರೀಕ್ಷೆಗೆ ಕಚ್ಚಾ ಹೊಲಿಗೆ

ನನ್ನ ಮೊಮ್ಮಗಳು ವಕೀಲಿ ಲೈಸೆನ್ಸ್ ಪರೀಕ್ಷೆಯಲ್ಲಿ ಪಾಸಾದಳು. ಇವತ್ತು ಮಧ್ಯಾಹ್ನ ಫಲಿತಾಂಶ ಬಂತು. ಇಷ್ಟನ್ನು ಮೊದಲು ಬರೆದುಬಿಟ್ಟರೆ ಉಳಿದದ್ದನ್ನು ನಿಧಾನವಾಗಿ ಹೇಳಬಹುದು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಮೈಸೂರಿನಲ್ಲಿ ಮೂವತ್ತು ವರ್ಷ ಮನೆಯಲ್ಲೇ ರವಿಕೆ ಹೊಲಿದೆ. ಈಗ ಐರ್ಲೆಂಡಿನ ಲೀಕ್ಸ್‌ಲಿಪ್‌ನಲ್ಲಿ ಮಗ, ಸೊಸೆಯ ಜೊತೆಗಿದ್ದೇನೆ. ಮೊಮ್ಮಗಳು ಇಲ್ಲೇ ಹುಟ್ಟಿದವಳು. ಡಬ್ಲಿನ್ನಿನ ಒಂದು ವಕೀಲರ ಆಫೀಸಿನಲ್ಲಿ ಕೆಲಸ ಕಲಿಯುತ್ತಿದ್ದಳು.

ಹೋದ ಸಲ ಅವಳು ಫೇಲಾಗಿದ್ದಳು. ಕಾನೂನೆಲ್ಲ ಬಾಯಿಪಾಠ ಇತ್ತು. ಕೈಕೊಟ್ಟದ್ದು ಪ್ರಾಕ್ಟಿಕಲ್ ಬರವಣಿಗೆ. ಅದರಲ್ಲಿ ಪತ್ರ, ಕರಾರು, ಹಳೆಯ ತೀರ್ಪು ಎಂದು ಒಂದು ಕಟ್ಟು ಕಾಗದ ಕೊಡುತ್ತಾರೆ. ಜೊತೆಗೆ, ಕಕ್ಷಿದಾರನಿಗೆ ಇಂಥದ್ದು ಬರೆದುಕೊಡಬೇಕು ಎಂದು ಸೂಚನೆಯ ಒಂದು ಹಾಳೆ. ಎಲ್ಲಕ್ಕೂ ಒಂದೂವರೆ ಗಂಟೆ. ಅವಳ ಉತ್ತರ ಅರ್ಧಕ್ಕೇ ನಿಂತಿತ್ತು. ಇನ್ನೊಂದು ಸಲ ಹೀಗಾದರೆ ಕೆಲಸ ಉಳಿಯುವುದಿಲ್ಲ ಎಂದು ಆಫೀಸಿನವರು ಹೇಳಿದ್ದರು.

ಅಂದಿನಿಂದ ಊಟದ ಮೇಜು ಪೂರ್ತಿ ಅವಳ ಕಾಗದಗಳ ಪಾಲಾಯಿತು. ನಾವು ಸೋಫಾದ ಮೇಲೆ, ತಟ್ಟೆ ತೊಡೆಯಲ್ಲಿಟ್ಟುಕೊಂಡು, ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಉಣ್ಣುತ್ತಿದ್ದೆವು.

ಒಂದು ಶನಿವಾರ ಬೆಳಿಗ್ಗೆ ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಕೂತಳು. ಗಡಿಯಾರ ನೋಡುವ ಕೆಲಸ ನನಗೆ. ಮುಕ್ಕಾಲು ಗಂಟೆ ಕಳೆದರೂ ಒಂದು ಸಾಲೂ ಟೈಪಾಗಲಿಲ್ಲ. ಹಳದಿ ಪೆನ್ನಿನಲ್ಲಿ ಗೀಟು ಎಳೆಯುತ್ತಲೇ ಇದ್ದಳು.

"ಪುಟ್ಟಿ, ಹೊಸಿಲಿಗೆ ಅರಿಶಿನ ಬಳ್ದಂಗೆ ಎಲ್ಲಾ ಹಳದಿ ಮಾಡಿದೀಯಲ್ಲೇ. ಇದ್ರಲ್ಲಿ ಬೇಕಾಗಿರೋದು ಯಾವ್ದು?"

"ಪೂರ್ತಿ ಓದಿದ್ರೆ ತಾನೆ ಅಜ್ಜಿ ಗೊತ್ತಾಗೋದು? ಡ್ಯಾಡಿ ಹೇಳಿದಾರೆ, ಒಂದಕ್ಷರ ಬಿಡ್ಬೇಡ ಅಂತ."

"ಏನು ಬರೀಬೇಕು ಅನ್ನೋ ಹಾಳೆ ಎಲ್ಲಿ?"

ಅದು ಕಟ್ಟಿನ ತಳದಲ್ಲಿತ್ತು. ಒಮ್ಮೆ ಕಣ್ಣಾಡಿಸಿ ಕೆಳಗೆ ಸೇರಿಸಿದ್ದಳು.

"ನಾನು ಬಟ್ಟೆ ಮುಟ್ಟೋಕೆ ಮುಂಚೆ ಅಳತೆ ಚೀಟೀನ ಕಣ್ಣೆದುರಿಗೆ ಚುಚ್ಚಿ ಇಡ್ತಿದ್ದೆ. ಒಂದೇ ಸಲ ಅವಸರಕ್ಕೆ ಚೀಟಿ ನೋಡ್ದೇನೇ ಕತ್ತರಿ ಹಾಕ್ದೆ. ಉದ್ದ ತೋಳು ಕೇಳಿದ್ದ ಮದುವೆ ಹೆಣ್ಣಿಗೆ ತುಂಡು ತೋಳಾಗೋಯ್ತು."

"ಓ ಮೈ ಗಾಡ್! ಆಮೇಲೆ?"

"ಜರಿ ಅಂಚು ಜೋಡ್ಸಿ, ಹೊಸ ಫ್ಯಾಷನ್ ಅಂದೆ."

"ಅಜ್ಜಿ, ದಟ್ಸ್ ಫ್ರಾಡ್!"

"ನೀನು ಲಾಯರ್ ಆದ್ಮೇಲೆ ಕೇಸ್ ಹಾಕು."

ನಕ್ಕಳು. ಸೂಚನೆಯ ಹಾಳೆಯನ್ನು ಎದುರಿನ ಗೋಡೆಗೆ ಅಂಟಿಸಿದಳು. ಅದು ಕೇಳಿದ್ದನ್ನಷ್ಟೇ ಕಟ್ಟಿನಲ್ಲಿ ಹುಡುಕತೊಡಗಿದಾಗ ಓದುವ ಹೊತ್ತು ಅರ್ಧವಾಯಿತು.

ಇನ್ನೊಂದು ತೊಡಕಿತ್ತು. ಮೊದಲ ಪ್ಯಾರಾವನ್ನು ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು. ಒಂದು ತೋಳನ್ನೇ ತಿದ್ದುತ್ತಾ ಕೂತರೆ ರವಿಕೆಯಾಗುವುದಿಲ್ಲ ಎಂದೆ. ಎಲ್ಲ ತುಂಡುಗಳಿಗೂ ಮೊದಲು ಕೈಯಲ್ಲೇ ಸಡಿಲವಾಗಿ ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಮಿಷನ್ನಿಗೆ ಕೊಡಬೇಕು. ಅವಳು ತಲೆಬರಹಗಳನ್ನೆಲ್ಲ ಮೊದಲೇ ಬರೆದು, ಒಂದೊಂದರ ಕೆಳಗೆ ಒಂದೊಂದು ಸಾಲು ಹಾಕಿ, ಆಮೇಲೆ ತುಂಬಿಸಲು ಶುರುಮಾಡಿದಳು. ಒಂದೂವರೆ ಗಂಟೆಗೆ ಸರಿಯಾಗಿ ನಾನು ಲ್ಯಾಪ್‌ಟಾಪ್ ಮುಚ್ಚುತ್ತಿದ್ದೆ.

"ಎರಡೇ ನಿಮಿಷ ಅಜ್ಜಿ, ಪ್ಲೀಸ್!"

"ಅಲ್ಲೂ ಹೀಗೇ ಕೇಳ್ತೀಯಾ?"

ಒಂದು ದಿನ ಟೀ ಹೊತ್ತಿನವರೆಗೆ ಮಾತು ಬಿಟ್ಟಳು. ನನಗೂ ಒಳಗೆ ಅಳುಕಿತ್ತು. ಇಂಗ್ಲಿಷ್ ಬಾರದವಳು ಇಂಗ್ಲಿಷ್ ಪರೀಕ್ಷೆಗೆ ಬುದ್ಧಿ ಹೇಳಿದ್ದೆ. ಕೆಟ್ಟರೆ ನನ್ನಿಂದಲೇ ಕೆಡುವುದು. ಕೊನೆಯ ವಾರಗಳಲ್ಲಿ ನಾನು ಮುಚ್ಚುವ ಮೊದಲೇ ಅವಳೇ ಮುಚ್ಚಿ, ಎಲ್ಲ ಸರಿಯಾಯಿತು ಎನ್ನಲು ಇಲ್ಲಿಯವರು ಹೇಳುವ ಹಾಗೆ, "ಗ್ರ್ಯಾಂಡ್, ಅಜ್ಜಿ, ಆಯ್ತು" ಎನ್ನುತ್ತಿದ್ದಳು.

ಪರೀಕ್ಷೆ ಬರೆದು ಬಂದ ಮೇಲೂ, ಫಲಿತಾಂಶ ಬರುವವರೆಗೆ ಎಂದು ಕಾಗದಗಳನ್ನು ಮೇಜಿನಿಂದ ಎತ್ತಿರಲಿಲ್ಲ. ಇವತ್ತು ಮೆಟ್ಟಿಲ ಮೇಲೆ ಕೂತು ಫೋನ್ ನೋಡಿದಳು. ಆಮೇಲೆ ಅಡುಗೆಮನೆಗೆ ಬಂದು, "ಪಾಸ್, ಅಜ್ಜಿ" ಎಂದಳು. ಹುಳಿಗೆ ಎರಡು ಸಲ ಉಪ್ಪು ಹಾಕಿದೆ.

ಸಂಜೆ ಮಗ ಕಂಪ್ಯೂಟರ್ ಚಿಪ್ ಕಾರ್ಖಾನೆಯಿಂದ ಕತ್ತಿನ ಬ್ಯಾಡ್ಜನ್ನೂ ತೆಗೆಯದೆ ಬಂದ. "ನಾನು ಹೇಳಿರ್ಲಿಲ್ವಾ, ಒಂದಕ್ಷರ ಬಿಡ್ದೆ ಓದಿದ್ರೆ ಆಗತ್ತೆ ಅಂತ?"

"ನಿಮ್ಮ ಮಾತು ಕೇಳೇ ಹೋದ್ಸಲ ಫೇಲಾಗಿದ್ದು. ಸುಮ್ನೆ ಕೈ ತೊಳ್ಕೊಂಡ್ಬನ್ನಿ" ಎಂದಳು ಸೊಸೆ.

ಮೊಮ್ಮಗಳು ಕಾಗದಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ಮೇಜು ಒರೆಸಿದಳು. ನಾಲ್ಕು ಕುರ್ಚಿ ಎಳೆದುಕೊಂಡು ನಾಲ್ವರೂ ಒಟ್ಟಿಗೆ ಕೂತೆವು. ಹುಳಿ ಉಪ್ಪಾಗಿತ್ತು. ಆದರೂ ಎಲ್ಲರೂ ಇನ್ನೊಂದು ಸಲ ಬಡಿಸಿಕೊಂಡರು.