ಮುನೇಶ್ವರನ ಮೇಲೆ ಹೊರಿಸಿದ ಕೈ

ಜಿಗಣಿಯ ಮುನಿಯಕ್ಕನಿಗೆ ಮಣಿಕಟ್ಟಿನಿಂದ ಆಚೆ ಬಲಗೈ ಇಲ್ಲ. ಅದು ಹೋದದ್ದು ಕಾರ್ಖಾನೆಯ ಪ್ರೆಸ್ ಮಿಷನ್ನಿನಲ್ಲಿ. ಆದರೆ ಆಸ್ಪತ್ರೆಯಲ್ಲಿ ಅವಳ ಅತ್ತೆ ಲಕ್ಷ್ಮಮ್ಮ ಹಾಗೆ ಹೇಳಲು ಬಿಡಲಿಲ್ಲ. ಆ ಕಾರ್ಖಾನೆ ಎದ್ದಿರುವುದು ಇವರೇ ಮಾರಿದ ಹೊಲದಲ್ಲಿ. ಹೊಲದಲ್ಲಿದ್ದ ಮುನೇಶ್ವರನ ಕಲ್ಲನ್ನು ಕಿತ್ತು ಕಾಂಪೌಂಡಿನ ಆಚೆ ನಿಲ್ಲಿಸಿದ್ದರು.

"ತಗೊಂಡಿರೋನು ಮುನೇಶ್ವರ. ಮಿಷನ್ ಮ್ಯಾಲೆ ಹೊರಿಸಿದ್ರೆ ಇನ್ನೊಂದ್ ಕೈನೂ ಬಿಡಾಕಿಲ್ಲ" ಎಂದಳು ಮುದುಕಿ.

ಆಸ್ಪತ್ರೆಯ ಕಾಗದದಲ್ಲಿ ಮನೆಯವರು ಇದನ್ನು ಮನೆಯಲ್ಲಿ ಆದ ಗಾಯ ಎಂದು ಬರೆಸಿದರು. ಅದುವರೆಗೆ ಆ ಕಲ್ಲಿಗೆ ಒಂದು ಊದುಬತ್ತಿಯನ್ನೂ ಹಚ್ಚದ ಕಾರ್ಖಾನೆಯವರು ಆವತ್ತು ಮಹಾ ಭಕ್ತರಾಗಿ ಪೂಜೆ ಮಾಡಿಸಿದರು. ನೆನೆದರೆ ಈಗಲೂ ಮೈ ಉರಿಯುತ್ತದೆ.

ನಾಡಕಚೇರಿಯಿಂದ ಅಂಗವಿಕಲರ ಮಾಸಾಶನವೇನೋ ಬಂತು. ಅದು ಉಪ್ಪಿಗಾದರೆ ಸೊಪ್ಪಿಗಿಲ್ಲ. ಮಗಳು ಮಂಜುಶ್ರೀ ಕಾಲೇಜು ಬಿಡುತ್ತೇನೆ ಎಂದ ಮೇಲೆ ಮುನಿಯಕ್ಕ ಕಾರ್ಮಿಕರ ವಿಮೆಯ ಇಎಸ್‌ಐ ಕಚೇರಿಯ ಮೆಟ್ಟಿಲು ಹತ್ತಿದಳು.

"ಅದೇ ಬೇರೆ, ಇದೇ ಬೇರೆ ಕಣಮ್ಮ" ಎಂದರು ಅಲ್ಲಿನ ಮೇಡಂ. "ನಾಡಕಚೇರಿಯವರು ನೋಡೋದು ಕೈ ಎಷ್ಟು ಹೋಗಿದೆ, ಮನೆ ಆದಾಯ ಎಷ್ಟು ಅಂತ. ನಾವು ಕೇಳೋದು ಕೆಲಸದಲ್ಲಿ ಹೋಯ್ತಾ ಅಂತ. ಹೌದು ಅಂತಾದ್ರೆ, ಬದುಕಿರೋವರೆಗೂ ತಿಂಗಳು ತಿಂಗಳು ಬರುತ್ತೆ. ಎಲ್ಲಿ ಹೋಯ್ತು, ನೀವೇ ಹೇಳಿ."

ಮುನಿಯಕ್ಕನ ಇಲ್ಲದ ಬೆರಳುಗಳು ಜುಮುಗುಟ್ಟಿದವು. ಉಳಿದ ಎಡಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೇಳಿದಳು. "ಮಿಷನ್ನಲ್ಲಿ ಮೇಡಂ. ಬೇಗ ಬೇಗ ಆಗ್ಲಿ ಅಂತ ಕೈ ಒಳಗೆ ಹೋಗ್ದಂಗೆ ಅಡ್ಡ ಇದ್ದ ಗಾರ್ಡ್ ಬಿಚ್ಚಿಸಿದ್ರು."

"ನೋಡಿದೋರು ಯಾರಾದ್ರೂ ಇದ್ದಾರಾ?"

ಪಕ್ಕದ ಮಿಷನ್ನಿನ ಕೃಪಾ ನೋಡಿದ್ದಳು. ಆವತ್ತು ತನ್ನ ವೇಲಿನಿಂದಲೇ ಗಾಯ ಕಟ್ಟಿದ್ದಳು. ಸಾಕ್ಷಿ ಹೇಳು ಎಂದು ಕೇಳಲು ಮುನಿಯಕ್ಕ ಕಾರ್ಖಾನೆಗೆ ಹೋದಳು. ದಾರಿಯುದ್ದಕ್ಕೂ ಎಡಗೈಯನ್ನು ಮೊಂಡುಗೈಯಿಂದ ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡಳು. ಮುನೇಶ್ವರನ ಕಲ್ಲಿನ ಕಡೆ ತಲೆಯೆತ್ತಲಿಲ್ಲ.

ಒಳಗೆ ಕೃಪಾ ಈಗ ಮುನಿಯಕ್ಕನ ಮಿಷನ್ನಿನ ಮುಂದೆಯೇ ಕೂತಿದ್ದಳು. ಗಾರ್ಡ್ ಇರಲಿಲ್ಲ. ತಗಡು ಇಡುವಾಗ ಅವಳ ಬೆರಳುಗಳು ಅಚ್ಚಿನ ಅಡಿಗೆ ಹೋಗಿ ಹೋಗಿ ಬರುತ್ತಿದ್ದವು.

ಮುನಿಯಕ್ಕ ಬಂದ ಕೆಲಸವನ್ನೇ ಮರೆತಳು. "ಅಲ್ಲಿ ಕೈ ಇಕ್ಕಬ್ಯಾಡ ಕಣೇ."

"ನಂಗೇನೂ ಆಗಲ್ಲ ಬಿಡಕ್ಕ" ಎಂದಳು ಕೃಪಾ, ಪೆಡಲಿನ ಮೇಲೆ ಕಾಲಿಡುತ್ತ. "ನಿಮ್ಮತ್ತೆ ಹೇಳ್ದಂಗೆ ಮುನೇಶ್ವರನಿಗೆ ಕೋಳಿ ಕುಯ್ಸಿದೀನಿ."